ತೊಳೆದಿಟ್ಟ ಮೆಣಸಿನ ಬೀಜ

ನಿನ್ನೆ ಸಿಂಕಿನ ಕೆಳಗೆ ಹಾಸಿದ್ದ ಪೇಪರು ಒದ್ದೆಯಾಗಿ ಬೂಷ್ಟು ಹಿಡಿದಿತ್ತು. ಎತ್ತುವಾಗ ಬಂದ ಮುಗ್ಗಲು ವಾಸನೆಗೆ ಅಕ್ಕಾರು ನೆನಪಾದರು… ತೆಲುಗು ಸೀಮೆಯ ಪಟಾನ್‌ಚೆರು ಕಡೆಯ ಬೀಜ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಕಲಿಸಿದವರು.

ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಹಾಸ್ಟೆಲಿನ ಹುಡುಗಿಯರೆಲ್ಲ ಕಂಪ್ಯೂಟರ್ ಕಂಪನಿಗಳಿಗೆ ಹೊರಟರೆ, ಮೈಸೂರಿನಿಂದ ಬಂದ ನಾನೊಬ್ಬಳು ಬೀಜ ನೋಡಲು ಬಸ್ಸು ಹತ್ತುತ್ತಿದ್ದೆ. ಅಕ್ಕಾರು ಬೀದರಿನವರು. ಮ್ಯಾನೇಜರ ಹತ್ತಿರ ತೆಲುಗು, ನನ್ನ ಹತ್ತಿರ ಅವರ ಊರಿನ ಕನ್ನಡ. ಎಷ್ಟೋ ವರ್ಷ ಗುತ್ತಿಗೆಯಲ್ಲೇ ದುಡಿದಿದ್ದರು. ಆ ತಿಂಗಳು ಅವರ ಕೆಲಸ ಖಾಯಂ ಆಗುವುದಿತ್ತು.

ಒದ್ದೆ ಬ್ಲಾಟಿಂಗ್ ಪೇಪರಿನ ಮೇಲೆ ಬೀಜ ಜೋಡಿಸಿ ಏಳು ದಿನ ಇಟ್ಟರೆ, ರೋಗವಿದ್ದರೆ ಬೂಷ್ಟಾಗಿ ಹೊರಬರುತ್ತದೆ. ಆ ಸಲ ಬಂದ ಮೆಣಸಿನ ಬೀಜದ ತುಂಬ ಧೂಳು. ಅಕ್ಕಿ ತೊಳೆಯದೆ ಒಲೆಗಿಡದ ಮನೆಯಲ್ಲಿ ಬೆಳೆದವಳು ನಾನು; ಬ್ಲೀಚಿನ ನೀರಲ್ಲಿ ಚೆನ್ನಾಗಿ ತೊಳೆದೇ ಜೋಡಿಸಿದೆ. ಏಳನೇ ದಿನ ಒಂದು ಚುಕ್ಕೆಯೂ ಇಲ್ಲ. ರೋಗವಿಲ್ಲ ಎಂದು ರಿಪೋರ್ಟು ಬರೆದೆ. ಮ್ಯಾನೇಜರಿಗೆ ಖುಷಿಯೋ ಖುಷಿ, ಚೀಲಗಳನ್ನು ಲಾರಿಗೆ ಏರಿಸಲು ಹೇಳಿಬಿಟ್ಟರು.

ಅಕ್ಕಾರು ಮೈಕ್ರೋಸ್ಕೋಪಿನಿಂದ ತಲೆಯೆತ್ತಿದರು. "ದಿನಾ ಬರೋ ಕರೀ ಬೂಷ್ಟು ಸುದ್ದಾ ಇಲ್ಲ. ಇಷ್ಟು ಸ್ವಚ್ಛ ಹ್ಯಾಂಗಾತು? ತೊಳದೀ ಏನು ತಂಗಿ?"

ಹೂಂ ಎಂದೆ. ಬೀಜವನ್ನು ಬಂದ ಹಾಗೆಯೇ ಇಡಬೇಕಿತ್ತು. ಪತ್ತೆಯಾಗಬೇಕಾದ ರೋಗವನ್ನೇ ನಾನು ತೊಳೆದು ಚೆಲ್ಲಿದ್ದೆ.

ಅವರು ನೇರ ಮ್ಯಾನೇಜರ ರೂಮಿಗೆ ಹೋದರು. ಬೀಜ ತೊಳೆದದ್ದು ತಾವೇ ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡು, ಮತ್ತೆ ಪರೀಕ್ಷೆಗೆ ಇಡಬೇಕು ಎಂದು ತೆಲುಗಿನಲ್ಲಿ ಹೇಳಿದರು. ನಾನು ಬಾಗಿಲಲ್ಲೇ ನಿಂತಿದ್ದೆ, ತುಟಿ ಪಿಟಕ್ಕೆನ್ನಲಿಲ್ಲ. ಕೆಲಸ ಹೋದೀತೆಂಬ ಹೆದರಿಕೆ… ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಲಾರಿ ನಿಂತಿತು. ಮತ್ತೆ ಏಳು ದಿನ. ಈ ಸಲ ತಟ್ಟೆ ತಟ್ಟೆಯಲ್ಲೂ ಕಾಯಿಕೊಳೆ ರೋಗದ ಬೂಷ್ಟು. ಆ ಬೀಜ ಯಾವ ರೈತನ ಹೊಲಕ್ಕೂ ಹೋಗಲಿಲ್ಲ. ಆದರೆ ಖಾಯಂ ಆದವರ ಪಟ್ಟಿಯಲ್ಲಿ ಅಕ್ಕಾರ ಹೆಸರೂ ಬರಲಿಲ್ಲ. ಪಟ್ಟಿ ಹಾಕಿದ ದಿನವೂ ಅವರು ತಮ್ಮ ಡಬ್ಬಿಯ ಜೋಳದ ರೊಟ್ಟಿ ಮುರಿದು ನನಗೆ ಅರ್ಧ ಕೊಟ್ಟರು. ಅವರು ಊರಿಗೆ ಹಿಂತಿರುಗುವವರೆಗೂ ಆ ಮಾತನ್ನು ಇಬ್ಬರೂ ಎತ್ತಲಿಲ್ಲ.

ಇವತ್ತು ಧೈರ್ಯ ಮಾಡಿ ಅವರ ಹಳೆಯ ನಂಬರಿಗೆ ಫೋನು ಮಾಡಿದೆ. ಮಗಳು ಎತ್ತಿದಳು. ಅಕ್ಕಾರು ತೀರಿಹೋಗಿ ಎರಡು ವರ್ಷವಾಯಿತಂತೆ. ಅವಳಿಗಾದರೂ ಹೇಳಿಬಿಡೋಣವೆಂದು, "ಆವತ್ತು ಬೀಜ ತೊಳೆದದ್ದು ನಾನು ಕಣಮ್ಮ" ಎಂದೆ.

"ಗೊತ್ತೈತ್ರಿ," ಅಂದಳು. "ಅವ್ವ ಹೇಳಿದ್ಲು. ಆ ಹುಡುಗಿ ಒಂದಿನ ಫೋನ್ ಮಾಡ್ತಾಳ ಅಂತ, ಈ ನಂಬರ್ ಬದಲಿ ಮಾಡಾಕ ಬಿಡಲಿಲ್ಲ ನೋಡ್ರಿ."