ಎಲೆ-ಅಡಿಕೆ ತಟ್ಟೆ

ಜಗಳೂರಿನಲ್ಲಿ ನನಗೆ ಕೆಲಸ ಕಲಿಸಿದ ಗ್ರಾಮಸೇವಕಿ ಅಕ್ಕ ಮಹಿಳಾ ಮಂಡಳದ ಸಭೆಗಳಲ್ಲಿ ಬಾಗಿಲ ಪಕ್ಕ ಕೂರುತ್ತಿದ್ದರು. ಕೈಯಲ್ಲಿ ಎಲೆ-ಅಡಿಕೆ ತಟ್ಟೆ. ಜೋರು ಬಾಯಿಯವರಿಗೇ ಅದು ಮೊದಲು. "ಹಾಕ್ಕಳ್ರವ್ವ, ಆಮೇಲೆ ಹೇಳೀರಂತೆ."

ಒಂದು ಹಳ್ಳಿಯಲ್ಲಿ ನೀರಿನ ಬೋರಿಂಗ್ ತಮ್ಮ ಬಾಗಿಲಿಗೇ ಬೇಕೆಂದು ಗೌಡತಿ ಪಟ್ಟು ಹಿಡಿದರು. ಅಕ್ಕ ತಟ್ಟೆ ಚಾಚಿದರು. ಗೌಡತಿ ಎಲೆ ಜಗಿಯುವಷ್ಟರಲ್ಲಿ ಮೂಲೆಯಲ್ಲಿದ್ದ ಬಸುರಿಯೊಬ್ಬಳು ಮೆಲ್ಲಗೆ ಬಾಯಿಬಿಟ್ಟಳು: "ನಮ್ ಕೇರಿಗೆ ದೂರ ಐತ್ರೀ, ಕೊಡ ಹೊರಾಕೆ ಆಗಲ್ಲ." ಬೋರಿಂಗ್ ಕೇರಿಯ ತಿರುವಿಗೆ ಬಂತು.

ಎಷ್ಟೋ ವರ್ಷಗಳ ಮೇಲೆ, ನಿವೃತ್ತರಾಗಿ ಚನ್ನಗಿರಿಯಲ್ಲಿದ್ದ ಅಕ್ಕನನ್ನು ನೋಡಲು ಹೋದೆ. ಅವರ ಮೈ ಇಳಿದುಹೋಗಿತ್ತು. ಹೇಗಿದ್ದೀರಿ ಎಂದು ಕೇಳುವುದನ್ನೂ ಮರೆತು ನನ್ನ ನೌಕರಿ, ಸಂಸಾರ, ಸೊಸೆಯ ಪುರಾಣವನ್ನೆಲ್ಲ ಬಿಚ್ಚಿದೆ. ಅಕ್ಕ ನಗುತ್ತಾ ತಟ್ಟೆಯನ್ನು ನನ್ನತ್ತ ಸರಿಸಿದರು.

"ಹಾಕ್ಕಳವ್ವ, ಆಮೇಲೆ ಹೇಳೀಯಂತೆ."