ನಿಂಬೆಗಿಡದ ಮೂಲಕ

ಟೈಲರಮ್ಮನ ನಾಲಿಗೆಗೆ ಹೆದರದವರು ಆ ಬೀದಿಯಲ್ಲಿ ಇಬ್ಬರೇ: ಮೂಲೆಮನೆಯ ಕಿವುಡಜ್ಜ, ಮಹಡಿ ಮೇಲಿನ ಓರಗಿತ್ತಿ. ಮೂವತ್ತು ವರ್ಷ ಒಂದೇ ಮಷೀನು ತುಳಿದ ಕಾಲು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಊರನ್ನೆಲ್ಲ ಬೈಯಬಲ್ಲ ಬಾಯಿ. ಇಂಥವಳ ಮೈದುನನ ಹೆಂಡತಿ, ಅದೇ ಓರಗಿತ್ತಿ, ತನ್ನ ಮಗಳ ಯೂನಿಫಾರ್ಮನ್ನು ಹಿಂದಿನ ಬೀದಿಯ ಟೈಲರ್ ಹತ್ತಿರ ಹೊಲಿಸಿಕೊಂಡು ಬಂದಳು. ಅಷ್ಟೇ! ಅಂದಿನಿಂದ ಹನ್ನೊಂದು ವರ್ಷ ಇಬ್ಬರ ನಡುವೆ ಮಾತಿಲ್ಲ. ಮೊದಲು ಬಾಯಿ ಬಿಟ್ಟವಳು ಸೋತ ಹಾಗೆ. ಸತ್ತರೂ ಆ ಸೋಲು ತನಗೆ ಬರಕೂಡದೆಂದು ಟೈಲರಮ್ಮ ಹಟ ತೊಟ್ಟಿದ್ದಳು.

ಆದರೆ ತಾರಸಿಯ ನಿಂಬೆಗಿಡ ಇಬ್ಬರದೂ. ಅತ್ತೆ ನೆಟ್ಟು ಹೋದದ್ದು. ಆಳೆತ್ತರ ಮೀರಿ ಬೆಳೆದು, ತಗಡಿನ ಡ್ರಮ್ಮಿನೊಳಗೆ ಬೇರಿಗೆ ಜಾಗವಿಲ್ಲದೆ ಎಲೆ ಉದುರಿಸುತ್ತಿತ್ತು. ದೊಡ್ಡ ಸಿಮೆಂಟ್ ತೊಟ್ಟಿಗೆ ಬದಲಿಸಲೇಬೇಕು, ಅದಕ್ಕೆ ನಾಲ್ಕು ಕೈ ಬೇಕು. ಸುದ್ದಿ ಕಿವಿಗೆ ಬಿದ್ದದ್ದೇ ತಡ, ಗಂಡಂದಿರಿಬ್ಬರೂ ಚಪ್ಪಲಿ ಮೆಟ್ಟಿ ಪರಾರಿಯಾದರು.

"ಏ ಗಿಡ," ಎಂದಳು ಟೈಲರಮ್ಮ, ಗಿಡವನ್ನೇ ನೋಡುತ್ತ. "ಡ್ರಮ್ಮು ಮಲಗಿಸ್ಬೇಕು. ಗೊಂಬೆ ಥರ ನಿಂತಿರೋರಿಗೆ ಬುಡ ಹಿಡ್ಕೊಳ್ಳೋಕೆ ಹೇಳು."

"ಹಿಡ್ಕೊಂಡಾಯ್ತು ಕಣೋ ಗಿಡ. ಕಣ್ಣು ಕಾಣ್ದಿದ್ರೆ ಕನ್ನಡಕ ಹಾಕ್ಕೊಳ್ಳೋಕೆ ಹೇಳು," ಎಂದಳು ಓರಗಿತ್ತಿ.

ಬೇರಿನ ಮುದ್ದೆ ಡ್ರಮ್ಮಿನ ಆಕಾರದಲ್ಲೇ ಹೊರಗೆ ಬಂತು. ಸುತ್ತಿಕೊಂಡಿದ್ದ ಬೇರುಗಳನ್ನು ಟೈಲರಮ್ಮ ಗರಗಸದಿಂದ ಕೊಯ್ಯತೊಡಗಿದಳು.

"ಅಯ್ಯೋ, ಅಷ್ಟೊಂದು ಕೊಯ್ದ್ರೆ ಸತ್ತೇ ಹೋಗ್ತೀಯಲ್ಲೋ ಗಿಡ!"

"ಕೊಯ್ಯದೆ ಬಿಟ್ರೆ ಸಾಯ್ತೀಯ. ಕತ್ತರಿ ಹಿಡಿದು ಗೊತ್ತಿಲ್ದೋರ ಮಾತು ಕೇಳ್ಬೇಡ," ಎಂದು ಟೈಲರಮ್ಮ ಇನ್ನೆರಡು ಬೇರು ಜಾಸ್ತಿಯೇ ಕೊಯ್ದಳು.

ಇಬ್ಬರೂ ಏದುಸಿರು ಬಿಡುತ್ತ ಗಿಡವನ್ನೆತ್ತಿ ತೊಟ್ಟಿಗೆ ಇಳಿಸಿದರು. ತಳದ ಮಣ್ಣು ಸರಿಮಾಡಲು ಟೈಲರಮ್ಮ ಬಲಗೈ ತೂರಿಸಿದಳು. ಮುದ್ದೆ ಧಸಕ್ಕನೆ ಜಾರಿತು. ತೊಟ್ಟಿಯ ಗೋಡೆಗೂ ಮುದ್ದೆಗೂ ನಡುವೆ ಬೆರಳು ಸಿಕ್ಕಿಬಿದ್ದವು.

"ಏ ಗಿಡ! ಎತ್ತೋಕೆ ಹೇಳು!"

ಓರಗಿತ್ತಿ ಕಾಂಡ ಹಿಡಿದು ಅಲ್ಲಾಡದೆ ನಿಂತಳು. "ಏನೋ ಗಿಡ, ಯಾರಾದ್ರೂ ನನ್ನ ಏನಾದ್ರೂ ಕೇಳಿದ್ರಾ? ನನಗೇನೂ ಕೇಳಿಸ್ಲಿಲ್ಲಪ್ಪ."

ರಾಕ್ಷಸಿ! ಟೈಲರಮ್ಮನಿಗೆ ಅವಳನ್ನು ಸಿಗಿದು ಹಾಕುವಷ್ಟು ಸಿಟ್ಟು ಬಂತು. ತುಟಿ ಕಚ್ಚಿ ತಡೆದಳು. ಬೆರಳ ತುದಿ ಜೋಮು ಹಿಡಿಯಿತು, ಆಮೇಲೆ ತುದಿ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಈ ಕೈ ಹೋದರೆ ಮಷೀನನ್ನು ಗುಜರಿಗೆ ಹಾಕಬೇಕಷ್ಟೇ.

"ನಿನ್ನ ದಮ್ಮಯ್ಯ ಕಣೇ, ಎತ್ತೇ!"

ಓರಗಿತ್ತಿ ತಕ್ಷಣ ಎತ್ತಿದಳು. ಬೆರಳು ನೀಲಿಗಟ್ಟಿದ್ದವು, ಮಡಿಸಲು ನೋಡಿದರೆ ಹೇಗೋ ಮಡಚಿಕೊಂಡವು. ಮಾತಂತೂ ಬಾಯಿಂದ ಬಿದ್ದಾಗಿತ್ತು. ನಾಚಿಕೆಯಾಯಿತು, ಅದರ ಹಿಂದೆಯೇ ಎದೆ ಹಗುರವೂ ಆಯಿತು. ಇನ್ನೇನು, ಸೋತದ್ದು ಸೋತಾಯಿತು, ಮಾತಾಡಿಬಿಡೋಣ ಎನಿಸಿತು ಟೈಲರಮ್ಮನಿಗೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ ಕೇಳಿದಳು, "ನಿನಗೇನೂ ಪೆಟ್ಟಾಗ್ಲಿಲ್ಲ ತಾನೇ?"

ಓರಗಿತ್ತಿ ಕೈಯ ಮಣ್ಣು ಕೊಡವಿಕೊಂಡು ಗಿಡದ ಕಡೆ ತಿರುಗಿದಳು.

"ಏ ಗಿಡ, ನನಗೇನೂ ಆಗಿಲ್ಲ ಅಂತ ಹೇಳ್ಬಿಡು," ಎಂದು ಮೆಟ್ಟಿಲಿಳಿದು ಹೋದಳು.