ಬುಡನ್‌ಸಾಬ್ ಕಟ್ಟಿದ ಜೋಡಿ

ಹೊನ್ನಾಳಿಯ ಬುಡನ್‌ಸಾಬ್ ಕಸುಬಿನಲ್ಲಿ ಪಿಂಜಾರ. ಹತ್ತಿ ಹಿಂಜಿ ಹಾಸಿಗೆ ಹೊಲಿಯುವುದು ಹೊಟ್ಟೆಪಾಡು. ಆದರೆ ಚನ್ನಗಿರಿಯಿಂದ ಜಗಳೂರಿನ ತನಕ ಜನ ಅವನಿಗೆ ಹೇಳಿ ಕಳಿಸುತ್ತಿದ್ದದ್ದು ಹಾಸಿಗೆಗಲ್ಲ, ಕುಸ್ತಿಗೆ. ಕುಸ್ತಿ ಆಡುವುದಕ್ಕೂ ಅಲ್ಲ, ಜೋಡಿ ಕಟ್ಟುವುದಕ್ಕೆ. ಯಾರಿಗೆ ಯಾರು ಸಮ ಎಂದು ಹೇಳುವವನೊಬ್ಬ ಬೇಕಲ್ಲ, ಇಲ್ಲದಿದ್ದರೆ ಕಣದೊಳಗಿನ ಕುಸ್ತಿಗಿಂತ ಮೊದಲು ಹೊರಗಡೆ ಹೊಡೆದಾಟ ಶುರುವಾಗುತ್ತದೆ. ಬುಡನ್‌ಸಾಬ್ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ, ಕುತ್ತಿಗೆ ಒತ್ತಿ, ಮುಂಗೈ ಹಿಚುಕಿ, ಉಸಿರು ಎಳೆದುಕೊಳ್ಳಲು ಹೇಳಿ, ಆಮೇಲೆ ಇಬ್ಬರ ಕೈಯನ್ನೂ ಎತ್ತಿ ಹಿಡಿದನೆಂದರೆ ಮುಗಿಯಿತು. ಎತ್ತದಿದ್ದರೂ ಮುಗಿಯಿತು. ಅವನಿಗೆ ಎದುರಾಡಿದವರಿಲ್ಲ.

ಕೈ ಅಷ್ಟು ನೆಟ್ಟಗಿದ್ದವನಿಗೆ ನಾಲಿಗೆ ಮಾತ್ರ ಹಿಡಿತದಲ್ಲಿರಲಿಲ್ಲ. ಜೋಡಿ ಕಟ್ಟಿ ಬಂದು ಕೂತನೋ ಇಲ್ಲವೋ ಶುರು.

“ಇವರೂ ಪೈಲ್ವಾನ್ರೇನ್ರೀ? ನಮ್ಮ ಕಾಲದ ಗೋವಿನಕೋವಿ ಪಾಲಣ್ಣನ್ನ ನೋಡ್ಬೇಕಿತ್ತು ನೀವು. ಅವನು ನಿಂತ್ರೆ ಎತ್ತು ತಂದು ಕಟ್ಟಬಹುದಿತ್ತು. ಈಗಿನವರು ಮೂವರು ಸೇರಿದ್ರೂ ಅವನ ಕಾಲು ಅಲ್ಲಾಡಿಸಾಕೆ ಆಗಲ್ಲ.”

ಈ ಹೊಗಳಿಕೆಗೆ ಒಂದು ಕಾರಣವಿತ್ತು. ಪ್ರಾಯದಲ್ಲಿ ಬುಡನ್‌ಸಾಬನೂ ಲಂಗೋಟಿ ಕಟ್ಟಿದವನೇ. ಸವಳಂಗದ ಕಣದಲ್ಲಿ ಪಾಲಣ್ಣ ಅವನನ್ನು ಅಂಗಾತ ಕೆಡವಿದ. ಅವತ್ತು ಬಿಚ್ಚಿದ ಲಂಗೋಟಿಯನ್ನು ಅವನು ಮತ್ತೆ ಕಟ್ಟಲಿಲ್ಲ. ತನ್ನನ್ನು ಕೆಡವಿದವನು ಸಾಮಾನ್ಯನಾದರೆ ತಾನೇನಾದಂತಾಯಿತು? ಹಾಗಾಗಿ ಬುಡನ್‌ಸಾಬನ ಬಾಯಲ್ಲಿ ಪಾಲಣ್ಣ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ ಹೋದ. ಗೋವಿನಕೋವಿಯಲ್ಲಿ ಎಮ್ಮೆ ಕಾಯುತ್ತಿದ್ದ ಪಾಲಣ್ಣನಿಗೆ ಆಗಲೇ ತಲೆ ನರೆತಿತ್ತು, ಅದು ಬೇರೆ ಮಾತು.

ಹೆಂಡತಿ ತಾಜ್‌ಬೀಗೆ ಇದೆಲ್ಲ ಚೆನ್ನಾಗಿ ಗೊತ್ತು. “ಹೊಗಳಿ ಹೊಗಳಿ ಆ ಪುಣ್ಯಾತ್ಮನ್ನ ಅಟ್ಟಕ್ಕೇರಿಸ್ತಾ ಇದೀಯ. ನಾಳೆ ಇಳಿಸೋರು ಯಾರು?” ಎಂದು ಒಮ್ಮೆ ಕೇಳಿದ್ದಳು. ಬುಡನ್‌ಸಾಬ್ ಹತ್ತಿ ಹಿಂಜುವ ಸದ್ದಿನಲ್ಲಿ ಕೇಳಿಸದವನಂತೆ ಇದ್ದುಬಿಟ್ಟ.

ಎರಡನೇ ಮಹಾಯುದ್ಧದ ವರ್ಷಗಳ ಒಂದು ಬೇಸಿಗೆ. ಹೊನ್ನಾಳಿಯ ಹೊಳೆದಂಡೆಯಲ್ಲಿ ಮಂಡಿ ವ್ಯಾಪಾರಿ ಮುರುಗೇಶಪ್ಪ ಕುಸ್ತಿ ಏರ್ಪಡಿಸಿದ್ದ. ಗೆದ್ದವನಿಗೆ ಬೆಳ್ಳಿ ಕಡಗ. ಜಗಳೂರಿನ ಯರ್ರಿಸ್ವಾಮಿ ಎಂಬ ಇಪ್ಪತ್ತೆರಡರ ಹುಡುಗ ಬಂದಿದ್ದ. ಕುತ್ತಿಗೆ ಎಲ್ಲಿ ಮುಗಿದು ಹೆಗಲು ಎಲ್ಲಿ ಶುರುವಾಗುತ್ತದೆಂದು ಹೇಳುವುದು ಕಷ್ಟ, ಅಂಥ ಮೈ. ಬುಡನ್‌ಸಾಬ್ ಬಂದವರನ್ನೆಲ್ಲ ಅವನ ಪಕ್ಕ ನಿಲ್ಲಿಸಿ ನೋಡಿದ. ಯಾರ ಕೈಯನ್ನೂ ಎತ್ತಲಿಲ್ಲ.

“ಇವನಿಗೆ ಇಲ್ಲಿ ಜೋಡಿ ಇಲ್ಲ” ಎಂದ.

“ಐತೆ” ಎಂದಿತು ಜನರ ನಡುವಿನಿಂದ ಒಂದು ದನಿ. ಪಾಲಣ್ಣ ಅಂಗಿ ಬಿಚ್ಚುತ್ತ ಕಣಕ್ಕೆ ಇಳಿದ. ಎಲ್ಲರ ಎದುರಿಗೆ ಎದೆಯುಬ್ಬಿಸಿ ನಿಂತು ಹೇಳಿದ: “ಊರೂರಿಗೆ ನೀನೇ ಹೇಳ್ಕೊಂಡು ಬಂದೀಯಂತಲ್ಲ ಬುಡನ್. ಕಟ್ಟು ಜೋಡಿ.”

ಜನ ಹುಚ್ಚೆದ್ದು ಕೂಗಿದರು. ಇಷ್ಟು ವರ್ಷ ಕಿವಿಯಲ್ಲಿ ಕೇಳಿದ್ದನ್ನು ಕಣ್ಣಾರೆ ನೋಡುವ ಯೋಗ ಯಾರಿಗುಂಟು? ಹಲಗೆ ಬಡಿಯುವವರು ಆಗಲೇ ಶುರು ಮಾಡಿದರು.

ಬುಡನ್‌ಸಾಬ್ ಪಾಲಣ್ಣನ ಕುತ್ತಿಗೆ ಒತ್ತಿದ, ಬೆರಳು ಒಳಗಿಳಿಯಿತು. ಮುಂಗೈ ಹಿಡಿದ, ಚರ್ಮ ಒಂದು ಕಡೆ, ಮೂಳೆ ಒಂದು ಕಡೆ. ಉಸಿರು ಎಳೆದುಕೊಳ್ಳಲು ಹೇಳಿದಾಗ ಎದೆಯಲ್ಲಿ ಸುಯ್ಯೆಂದು ಸದ್ದಾಯಿತು.

ಯರ್ರಿಸ್ವಾಮಿ ಬುಡನ್‌ಸಾಬನ ಕಿವಿಯ ಹತ್ತಿರ ಬಗ್ಗಿ, “ಬ್ಯಾಡ ಅನ್ರಿ ಅಜ್ಜಾರೆ. ನಾನು ಮೆಲ್ಲಗೆ ಹಿಡಿದ್ರೂ ಪಕ್ಕೆಲುಬು ಉಳಿಯಂಗಿಲ್ಲ” ಎಂದ. ಒಳ್ಳೆಯ ಹುಡುಗ.

ಕೈ ಎತ್ತಿದರೆ ಪಾಲಣ್ಣನ ಮೈ ಮುರಿಯುತ್ತದೆ. ಎತ್ತದಿದ್ದರೆ ಸಾವಿರ ಜನರ ಮುಂದೆ ಮಾನ ಮುರಿಯುತ್ತದೆ, ಅದೂ ಅಟ್ಟಕ್ಕೇರಿಸಿದವನೇ ಏಣಿ ತೆಗೆದ ಹಾಗೆ. ಬುಡನ್‌ಸಾಬನಿಗೆ ತನ್ನ ನಾಲಿಗೆಯ ಮೇಲೆ ಅಸಹ್ಯವಾಯಿತು. ಆಮೇಲೆ ತನ್ನ ಅಂಗಿಯನ್ನೂ ಟೋಪಿಯನ್ನೂ ತೆಗೆದು ಮುರುಗೇಶಪ್ಪನ ಕೈಗೆ ಕೊಟ್ಟ.

“ಪಾಲಣ್ಣನಿಗೆ ಜೋಡಿ ಐತೆ” ಎಂದು ಒಂದು ಕೈಯಲ್ಲಿ ಪಾಲಣ್ಣನ ಕೈ ಎತ್ತಿದ, ಮೇಲೆದ್ದ ಇನ್ನೊಂದು ಕೈ ತನ್ನದೇ. “ಸವಳಂಗದ್ದು ನಂದು ಬಾಕಿ ಐತೆ. ಮೊದ್ಲು ಅದು ಆಗ್ಲಿ.”

ಜನ ನಕ್ಕರು, ಸೀಟಿ ಹೊಡೆದರು. ಆದರೆ ಬುಡನ್‌ಸಾಬ್ ಕಟ್ಟಿದ ಜೋಡಿ, ಯಾರೂ ಎದುರಾಡಲಿಲ್ಲ. ಪಾಲಣ್ಣನೂ ಹಳೆಯ ಸೋಲು ತೀರಿಸಿಕೊಳ್ಳಲು ಕರೆದವನಿಗೆ ಇಲ್ಲ ಎನ್ನುವಂತಿರಲಿಲ್ಲ.

ಇಬ್ಬರೂ ಮಣ್ಣು ಮುಟ್ಟಿ ಹೆಗಲಿಗೆ ಹೆಗಲು ಕೊಟ್ಟರು. ತಳ್ಳಿದರು, ಎಳೆದರು, ಕಾಲು ಹಾಕಲು ನೋಡಿದರು. ಸ್ವಲ್ಪ ಹೊತ್ತಿಗೆಲ್ಲ ಕುಸ್ತಿ ಹೋಗಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತದ್ದಷ್ಟೇ ಉಳಿಯಿತು.

“ಕೆಡವಿಬಿಡು ಮಾರಾಯ, ನಿಂತ್ಕಳಾಕೆ ಆಗ್ತಿಲ್ಲ” ಎಂದ ಪಾಲಣ್ಣ, ಹೆಗಲಲ್ಲಿ ಮುಖವಿಟ್ಟುಕೊಂಡೇ.

“ಕೆಡವಾಕೆ ನನಗೆಲ್ಲಿ ಆಗ್ತೈತೆ” ಎಂದ ಬುಡನ್‌ಸಾಬ್.

ಇಬ್ಬರೂ ಒಟ್ಟಿಗೇ ಕುಸಿದು ಕೂತರು. ಬರಾಬರಿ ಎಂದು ಮುರುಗೇಶಪ್ಪ ಸಾರಿದ. ಯರ್ರಿಸ್ವಾಮಿ ಬಂದು ಇಬ್ಬರ ಕಾಲಿಗೂ ನಮಸ್ಕರಿಸಿ, ರಟ್ಟೆ ಹಿಡಿದು ಎಬ್ಬಿಸಿ, ಹೊಳೆಯ ಪಕ್ಕದ ಮರದ ನೆರಳಿಗೆ ಬಿಟ್ಟುಹೋದ.

ಇಬ್ಬರೂ ಮೈಮೇಲಿನ ಮಣ್ಣು ಒರೆಸಿಕೊಂಡರು. ಆಮೇಲೆ ಪಾಲಣ್ಣ ಕೇಳಿದ: “ನಿಜ ಹೇಳು ಬುಡನ್. ಪ್ರಾಯದಾಗೆ ಆಗಿದ್ರೆ ಈ ಹುಡುಗನ್ನ ನಾನು ಕೆಡವ್ತಿದ್ನಾ?”

ಬುಡನ್‌ಸಾಬ್ ಕಣದ ಕಡೆ ನೋಡಿದ. ಜೋಡಿಯ ವಿಷಯದಲ್ಲಿ ಅವನು ಯಾವತ್ತೂ ಸುಳ್ಳು ಹೇಳಿದವನಲ್ಲ.

“ಇಲ್ಲ” ಎಂದ. “ಆವತ್ತೂ ನೀನು ನನ್ನ ಜೋಡೀನೇ. ಅಷ್ಟೇ.”

ಒಂದು ಮಾತಿಗೆ ಇಬ್ಬರೂ ಸಾಮಾನ್ಯರಾದರು. ಪಾಲಣ್ಣ ಸಿಟ್ಟಾಗುತ್ತಾನೆಂದು ಬುಡನ್‌ಸಾಬ್ ಕಾದ. ಪಾಲಣ್ಣ ಉದ್ದಕ್ಕೆ ಉಸಿರು ಬಿಟ್ಟ.

“ಒಳ್ಳೇದಾತು ಬಿಡು” ಎಂದ. “ನಿನ್ನ ಮಾತು ಊರಿಗೆ ಮುಟ್ಟಿದಾಗಿಂದ ನನಗೆ ಬೆನ್ನು ಬಗ್ಗಿಸಿ ಕೂರಾಕೂ ಆಗಿರ್ಲಿಲ್ಲ.”

ಹಾಗೆಂದು ಬೆನ್ನು ಬಗ್ಗಿಸಿ, ಮೊಣಕಾಲ ಮೇಲೆ ಕೈ ಊರಿ, ಮುದುಕ ಕೂರುವ ಹಾಗೆ ಕೂತ. ಬುಡನ್‌ಸಾಬನೂ ಪಕ್ಕದಲ್ಲಿ ಹಾಗೇ ಕೂತ.